ಸಿಲಿಂಡರಿಲ್ಲದ ಬಿಯರ್ ಮತ್ತು ಸಹಜತೆಯ ಪ್ರಶ್ನೆ

ಮನೆಯಲ್ಲಿ ಬಿಯರ್ ತಯಾರಿಸಿ ಕೆಗ್‌ಗೆ, ಅಂದರೆ ಒತ್ತಡ ತಾಳಬಲ್ಲ ಲೋಹದ ಪೀಪಾಯಿಗೆ ತುಂಬುವವರು ಸಾಮಾನ್ಯವಾಗಿ ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡನ್ನು ಹಾಯಿಸಿ ಅದಕ್ಕೆ ನೊರೆ ಬರಿಸುತ್ತಾರೆ. ಸಿಲಿಂಡರು ಕೈಗೆ ಸಿಗದಿದ್ದಲ್ಲಿ ಹಳೆಯ ವಿಧಾನವೊಂದಿದೆ: 19 ಲೀಟರಿನ ಕೆಗ್‌ಗೆ ಸುಮಾರು 100 ಗ್ರಾಂ ಸಕ್ಕರೆಯ ಪಾಕವನ್ನು ಬೆರೆಸಿ, ಮುಚ್ಚಳ ಬಿಗಿದು, ಬೆಚ್ಚಗಿನ ಜಾಗದಲ್ಲಿ ಎರಡು ವಾರ ಇಟ್ಟರೆ, ಬಿಯರಿನಲ್ಲಿ ಉಳಿದಿರುವ ಯೀಸ್ಟ್ ಆ ಸಕ್ಕರೆಯನ್ನು ತಿಂದು ಅದರ ತೂಕದ ಅರ್ಧದಷ್ಟು ಅನಿಲವನ್ನು ಬಿಡುತ್ತದೆ, ಹೊರಹೋಗಲು ದಾರಿಯಿಲ್ಲದ ಅನಿಲ ಬಿಯರಿನಲ್ಲೇ ಕರಗುತ್ತದೆ. ಎರಡೂ ವಿಧಾನಗಳಲ್ಲಿ ಕರಗುವ ಅಣು ಒಂದೇ ಆಗಿರುವಾಗ ಒಂದನ್ನು ಸಹಜವೆಂದೂ ಇನ್ನೊಂದನ್ನು ಕೃತಕವೆಂದೂ ಕರೆಯುವುದಕ್ಕೆ ತಾತ್ವಿಕ ಆಧಾರವೇನು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಬ್ರಿಟನ್ನಿನಲ್ಲಿ ಈ ಪ್ರಶ್ನೆ ಚಳವಳಿಯ ರೂಪವನ್ನೇ ತಾಳಿತು. 1971ರಲ್ಲಿ ಹುಟ್ಟಿದ ‘ಕ್ಯಾಮ್ರಾ’ ಎಂಬ ಬಿಯರ್ ಬಳಕೆದಾರರ ಸಂಘಟನೆಯು, ಬಡಿಸುವ ಪೀಪಾಯಿಯಲ್ಲೇ ಎರಡನೆಯ ಸಲ ಹುದುಗಿದ, ಹೊರಗಿನ ಅನಿಲ ಸೋಕದ ಬಿಯರನ್ನು ‘ರಿಯಲ್ ಏಲ್’ ಎಂದು ಎತ್ತಿಹಿಡಿಯಿತು. ಈ ನಿಲುವಿಗೆ ಅರಿಸ್ಟಾಟಲನ ‘ಫಿಸಿಕ್ಸ್’ ಗ್ರಂಥದ ಎರಡನೆಯ ಭಾಗದಲ್ಲಿ ಬೆಂಬಲ ಸಿಗುವಂತೆ ಕಾಣುತ್ತದೆ. ಬದಲಾವಣೆಯ ಮೂಲ ಯಾವುದರ ಒಳಗೇ ಇದೆಯೋ ಅದು ಪ್ರಕೃತಿಗೆ ಸೇರಿದ್ದು, ಯಾವುದಕ್ಕೆ ಅದು ಹೊರಗಿನ ಕರ್ತೃವಿನಿಂದ ಬರುತ್ತದೆಯೋ ಅದು ಕುಶಲಕರ್ಮದ ಫಲ ಎಂದು ಅವನು ವಿಂಗಡಿಸುತ್ತಾನೆ.

ಆದರೆ ಈ ವಿಂಗಡಣೆ ಕೆಗ್‌ನ ಮುಂದೆ ನಿಲ್ಲುವುದು ಕಷ್ಟ. ಸಕ್ಕರೆಯನ್ನು ಅಳೆದು ಹಾಕಿದ ಕೈ ಹೊರಗಿನದೇ. ಸಿಲಿಂಡರಿನ ಅನಿಲದ ಮೂಲವನ್ನು ಹುಡುಕಿದರೆ ಅದೂ ಎಷ್ಟೋ ಸಲ ಮದ್ಯಸಾರ ಕಾರ್ಖಾನೆಯ ಹುದುಗುವ ತೊಟ್ಟಿಯಿಂದ ಹಿಡಿದು ತುಂಬಿದ್ದಾಗಿರುತ್ತದೆ. ಜೋಸೆಫ್ ಪ್ರೀಸ್ಟ್ಲಿ ಈ ಅನಿಲವನ್ನು ನೀರಿಗೆ ಬೆರೆಸುವ ಪ್ರಯೋಗಗಳನ್ನು ಮೊದಲು ನಡೆಸಿದ್ದೂ ಲೀಡ್ಸ್‌ನಲ್ಲಿ ಮನೆಯ ಪಕ್ಕದಲ್ಲಿದ್ದ ಬಿಯರ್ ಕಾರ್ಖಾನೆಯ ತೊಟ್ಟಿಗಳ ಮೇಲೆಯೇ. ಜೀವಂತ ಯೀಸ್ಟಿನ ಸ್ಪರ್ಶವೇ ವ್ಯತ್ಯಾಸವೆಂದು ವಾದಿಸುವವರಿಗೆ 1897ರ ಎಡ್ವರ್ಡ್ ಬುಕ್ನರನ ಪ್ರಯೋಗ ಅಡ್ಡ ಬರುತ್ತದೆ: ಯೀಸ್ಟನ್ನು ಅರೆದು ಹಿಂಡಿ ತೆಗೆದ, ಜೀವಕೋಶಗಳಿಲ್ಲದ ರಸವೂ ಸಕ್ಕರೆಯನ್ನು ಮದ್ಯಸಾರವಾಗಿ, ಅನಿಲವಾಗಿ ಒಡೆಯಿತು.

ಹಾಗೆಂದು ಭೇದವೇ ಸುಳ್ಳೆನ್ನುವಂತಿಲ್ಲ. ಮಡಿಯುಟ್ಟು ಸೇದಿದ ನೀರಿಗೂ ಅದೇ ಬಾವಿಯ ಮೈಲಿಗೆ ನೀರಿಗೂ ರಸಾಯನಶಾಸ್ತ್ರ ವ್ಯತ್ಯಾಸ ಕಾಣದು. ವ್ಯತ್ಯಾಸವಿರುವುದು ನೀರು ಬಂದ ದಾರಿಯ ಬಗ್ಗೆ ಆಚರಿಸುವವರು ಒಪ್ಪಿಕೊಂಡ ನಿಯಮದಲ್ಲಿ. ರಿಯಲ್ ಏಲ್‌ನ ಭೇದವೂ ಇಂಥದೇ, ವಸ್ತುವಿನದಲ್ಲ, ವ್ರತದ್ದು. ಸೋಸಿ, ಕಾಯಿಸಿ ಯೀಸ್ಟನ್ನು ಕೊಂದ ಕಾರ್ಖಾನೆಯ ಬಿಯರಿನೆದುರು ಹಳೆಯ ಕಸುಬೊಂದನ್ನು ಆ ವ್ರತ ಉಳಿಸಿತು. ಅದಕ್ಕೆ ತೆತ್ತ ಬೆಲೆಯೆಂದರೆ, ಸುರಿದಷ್ಟೂ ಗಾಳಿ ಒಳಹೊಕ್ಕು ಪೀಪಾಯಿಯ ಬಿಯರು ಕೆಲವೇ ದಿನಗಳಲ್ಲಿ ಕೆಡುತ್ತದೆ. ಗಾಳಿಯ ಬದಲು ಹಗುರ ಒತ್ತಡದ ಇಂಗಾಲದ ಡೈಆಕ್ಸೈಡನ್ನು ಒಳಬಿಡುವ ‘ಕ್ಯಾಸ್ಕ್ ಬ್ರೀದರ್’ ಎಂಬ ಉಪಕರಣವನ್ನು ಬಹುಕಾಲ ವಿರೋಧಿಸಿದ ಕ್ಯಾಮ್ರಾ 2018ರಲ್ಲಿ ತಟಸ್ಥ ನಿಲುವಿಗೆ ಬಂದಿತು. ಪ್ರಕೃತಿಯೇ ಎಳೆದ ಗೆರೆಯಾಗಿದ್ದರೆ ಸದಸ್ಯರ ತೀರ್ಮಾನದಿಂದ ಅದು ಸರಿಯುತ್ತಿರಲಿಲ್ಲ.

ನಿಯಮ ವ್ರತವಾಗಬೇಕಾದರೆ ಅದನ್ನು ಮುರಿಯುವ ಅವಕಾಶ ಎದುರಿಗಿರಬೇಕು. ಸಿಲಿಂಡರು ಪಕ್ಕದಲ್ಲಿದ್ದೂ ಮುಟ್ಟದವನದು ವ್ರತ. ಸಿಲಿಂಡರು ಇಲ್ಲವೆಂದು ಸಕ್ಕರೆ ಬೆರೆಸಿದವನದು ಬರೀ ಉಪಾಯ. ಇಬ್ಬರ ಕೆಗ್‌ನಲ್ಲೂ ಬಿಯರು ಒಂದೇ ಆಗಿರುವುದರಿಂದ, ಸಹಜತೆಯೆಂಬ ಹಿರಿಮೆಯನ್ನು ಬಿಯರಿನ ಮೇಲೆ ಹೊರಿಸುವುದಕ್ಕಿಂತ ಅದನ್ನು ಮಾಡಿದವನ ಸಂಕಲ್ಪದಲ್ಲಿ ಹುಡುಕುವುದೇ ನ್ಯಾಯ.