ಸ್ಥಿತಿಕರಣ: ಚಟ ಬಿಡುವವನ ಪಕ್ಕದಲ್ಲಿರುವವನ ಧರ್ಮ

ಜೀವವು ಕರ್ಮವನ್ನು ತಾನೊಂದೇ ಕಟ್ಟಿಕೊಳ್ಳುತ್ತದೆ, ಅದರ ಫಲವನ್ನೂ ತಾನೊಂದೇ ಉಣ್ಣುತ್ತದೆ ಎಂದು ಬೋಧಿಸುವ ಜೈನದರ್ಶನದಲ್ಲಿ, ಒಬ್ಬನು ಬೀಡಿ ಬಿಡುವಾಗ ಇನ್ನೊಬ್ಬನು ನಿಜವಾಗಿ ಏನು ಮಾಡಬಲ್ಲನು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಇದಕ್ಕೆ ವಿಶೇಷ ತೂಕವಿದೆ. ಏಕೆಂದರೆ ಜೈನಮುನಿಗಳಾದ ಭೋಜದ ಆಚಾರ್ಯ ಶಾಂತಿಸಾಗರರನ್ನೂ ಶೇಡಬಾಳದ ಆಚಾರ್ಯ ವಿದ್ಯಾನಂದರನ್ನೂ ಸದಲಗಾದ ಆಚಾರ್ಯ ವಿದ್ಯಾಸಾಗರರನ್ನೂ ಕೊಟ್ಟ ಈ ನೆಲದಲ್ಲಿಯೇ ಬೀಡಿ ತಂಬಾಕಿನ ದೊಡ್ಡ ಪೇಟೆಯಾದ ನಿಪ್ಪಾಣಿಯೂ ಇದೆ.

ಶ್ರಾವಕರ, ಎಂದರೆ ಗೃಹಸ್ಥ ಜೈನರ, ನಡವಳಿಕೆಯನ್ನು ವಿವರಿಸುವ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಸಮ್ಯಗ್ದರ್ಶನಕ್ಕೆ, ಎಂದರೆ ಸರಿಯಾದ ಶ್ರದ್ಧೆಗೆ, ಎಂಟು ಅಂಗಗಳನ್ನು ಹೇಳುತ್ತದೆ. ಅವುಗಳಲ್ಲಿ ಉಪಗೂಹನವೆಂದರೆ ದುರ್ಬಲನ ತಪ್ಪನ್ನು ಬೀದಿಗೆ ತರದಿರುವುದು, ಸ್ಥಿತಿಕರಣವೆಂದರೆ ದಾರಿಯಿಂದ ಜಾರುತ್ತಿರುವವನನ್ನು ಮತ್ತೆ ನೆಲೆಗೊಳಿಸುವುದು, ವಾತ್ಸಲ್ಯವೆಂದರೆ ಜೊತೆಯಲ್ಲಿ ನಡೆಯುವವರ ಮೇಲೆ ಕಪಟವಿಲ್ಲದ ಪ್ರೀತಿ. ಈ ಮೂರೂ ಜಾರುವವನಿಗೆ ಹೇಳಿದ ಮಾತುಗಳಲ್ಲ, ಅವನ ಪಕ್ಕದಲ್ಲಿರುವವನಿಗೆ ಹೇಳಿದವು. ಗೆಳೆಯನು ಜಾರುವಾಗ ಸುಮ್ಮನಿದ್ದವನ ಶ್ರದ್ಧೆಯೇ ಆ ಮಟ್ಟಿಗೆ ಊನವಾಗುತ್ತದೆ ಎಂಬುದು ಇಲ್ಲಿನ ಗಂಭೀರವಾದ ನಿಲುವು.

ಸ್ಥಿತಿಕರಣಕ್ಕೆ ಪರಂಪರೆ ಕೊಡುವ ನಿದರ್ಶನ ವಾರಿಷೇಣನದು. ಮುಳುಗುಂದದ ನಯಸೇನನು 1112ರ ಸುಮಾರಿಗೆ ರಚಿಸಿದ ಧರ್ಮಾಮೃತದಲ್ಲಿಯೂ ಈ ಎಂಟು ಅಂಗಗಳ ಕಥೆಗಳಿವೆ. ಮಗಧದ ರಾಜಕುಮಾರನಾಗಿದ್ದು ಮುನಿಯಾದ ವಾರಿಷೇಣನ ಬಾಲ್ಯದ ಗೆಳೆಯನೂ ದೀಕ್ಷೆ ಪಡೆಯುತ್ತಾನೆ, ಆದರೆ ವರ್ಷಗಟ್ಟಲೆ ಬಿಟ್ಟುಬಂದ ಹೆಂಡತಿಯನ್ನೇ ನೆನೆಯುತ್ತಾನೆ. ವಾರಿಷೇಣನು ಅವನನ್ನು ಗದರಿಸುವುದಿಲ್ಲ, ಹೊರಗೆ ಹಾಕುವುದೂ ಇಲ್ಲ. ತನ್ನ ಅರಮನೆಗೇ ಕರೆದೊಯ್ದು, ತಾನು ತೊರೆದ ಪತ್ನಿಯರನ್ನೂ ಐಶ್ವರ್ಯವನ್ನೂ ಅವನ ಕಣ್ಣ ಮುಂದೆ ನಿಲ್ಲಿಸುತ್ತಾನೆ. ಗೆಳೆಯನ ಮನಸ್ಸು ನೆಲೆಗೊಳ್ಳುವುದು ಆಗ. ತಾನೂ ಇಂಥದ್ದನ್ನೇ ಬಿಟ್ಟುಬಂದವನೆಂದು ತೋರಿಸಬಲ್ಲವನ ಮಾತಿಗೆ ಇರುವ ಬಲ ಉಪದೇಶಕನ ಮಾತಿಗೆ ಬರಲಾರದು.

ನಿಕೋಟಿನ್ ಬಿಟ್ಟ ದೇಹದ ಸ್ಥಿತಿಯನ್ನು ನೋಡಿದರೆ ಈ ಕಥೆಯ ಅರ್ಥ ಇನ್ನೂ ಸ್ಪಷ್ಟವಾಗುತ್ತದೆ. ಮೊದಲ ಕೆಲವು ದಿನಗಳಲ್ಲಿ ಸಿಡುಕು, ನಿದ್ದೆಗೇಡು, ಚಡಪಡಿಕೆ ತೀವ್ರವಾಗಿರುತ್ತವೆ. ಸೇದಬೇಕೆಂಬ ತುಡಿತ ಒಮ್ಮೆಗೆ ಕೆಲವೇ ನಿಮಿಷ ಇದ್ದು ಇಳಿಯುತ್ತದೆ, ಮತ್ತೆ ಏಳುತ್ತದೆ. ಆ ನಿಮಿಷಗಳಲ್ಲಿ ಮಾತಿಗೆ ಸಿಗುವ, ತಾನೂ ಅದನ್ನು ದಾಟಿರುವ ಒಬ್ಬನಿದ್ದರೆ ನಿಯಮ ಉಳಿಯುವ ಸಂಭವ ಹೆಚ್ಚು. ಒಂದು ಬೀಡಿ ಸೇದಿಬಿಟ್ಟವನನ್ನು ಕಟ್ಟೆಯ ಮೇಲೆ ಎಲ್ಲರೆದುರು ಹಂಗಿಸಿದರೆ ಅವನು ಬಚ್ಚಿಟ್ಟುಕೊಂಡು ಸೇದುವುದನ್ನು ಕಲಿಯುತ್ತಾನೆ; ಉಪಗೂಹನ ತಡೆಯಬಯಸುವುದು ಇದನ್ನೇ.

ಹಾಗಾದರೆ ಕರ್ಮ ಅವರವರದೇ ಎಂಬ ಮಾತು ಏನಾಯಿತು? ದರ್ಶನವು ಉಪಾದಾನ ಮತ್ತು ನಿಮಿತ್ತ ಎಂದು ಎರಡು ಕಾರಣಗಳನ್ನು ಬೇರ್ಪಡಿಸುತ್ತದೆ: ಕಾರ್ಯವಾಗಿ ಪರಿಣಮಿಸುವ ವಸ್ತುವೇ ಉಪಾದಾನ, ಅದಕ್ಕೆ ಒದಗುವ ಹೊರಗಿನ ನೆರವು ನಿಮಿತ್ತ. ಬಿಡುವವನು ತಾನೇ ಬಿಡಬೇಕು, ಜೊತೆಗಾರನು ನಿಮಿತ್ತ ಮಾತ್ರ. ಆದರೆ ಜೀವಗಳು ಪರಸ್ಪರ ಉಪಕಾರಿಗಳೆಂದು ಜೈನರ ಮೂಲಗ್ರಂಥವಾದ ತತ್ತ್ವಾರ್ಥಸೂತ್ರವೇ ಹೇಳುವುದರಿಂದ, ಈ ನಿಮಿತ್ತವನ್ನು ಹಗುರವಾಗಿ ಕಾಣುವುದು ಸರಿಯಲ್ಲ.

ಚಟ ಬಿಡುವವನಿಗೆ ನಿಮಿತ್ತವಾಗುವ ಕೆಲಸ ಜೈನರಲ್ಲಿ ಮಾತ್ರ ಕಾಣುವುದಲ್ಲ. ಲಿಂಗಾಯತ ಪರಂಪರೆಯಲ್ಲಿ ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಲ್ಲಿ ಆರಂಭಿಸಿದ ಮಹಾಂತ ಜೋಳಿಗೆ ಜನರ ಚಟಗಳನ್ನೇ ಭಿಕ್ಷೆಯಾಗಿ ಬೇಡಿತು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಜೋಳಿಗೆಗೆ ಹಾಕಿದ ಮರುದಿನದಿಂದ ಸ್ಥಿತಿಕರಣದ ಕೆಲಸ ತೊಡಗುತ್ತದೆ, ಅದಕ್ಕೆ ಊರಿನವರೇ ಬೇಕು.

ನಿಪ್ಪಾಣಿಯಲ್ಲಿ ಈ ಊರಿನವರು ತಂಬಾಕು ಬೆಳೆದವರೂ ಬೀಡಿ ಕಟ್ಟುವ ಹೆಂಗಸರೂ ಆಗಿರುತ್ತಾರೆ. 1981ರಲ್ಲಿ ನ್ಯಾಯವಾದ ಬೆಲೆಗಾಗಿ ಹೆದ್ದಾರಿಯಲ್ಲಿ ಕುಳಿತ ಬೆಳೆಗಾರರ ಮೇಲೆ ಗುಂಡು ಹಾರಿ ರೈತರು ಸತ್ತ ನೆಲವಿದು. ಆದ್ದರಿಂದ ಇಲ್ಲಿ ವಾತ್ಸಲ್ಯವು ಬೀಡಿ ಬಿಟ್ಟವನಲ್ಲಿಗೇ ನಿಲ್ಲಲಾರದು. ತಂಬಾಕಿನ ಧೂಳು ಕುಡಿಯುತ್ತ ದುಡಿಯುವವಳಿಗೆ ಬೇರೆ ಜೀವನೋಪಾಯ ಹುಡುಕುವ ಹೊಣೆಯನ್ನೂ ಅದು ಹೊರಬೇಕಾಗುತ್ತದೆ.