ಸ್ಮೃತಿ ಅಳಿದಾಗ ಆತ್ಮದ ಕುರುಹು

ನ್ಯಾಯಸೂತ್ರವು ಇಚ್ಛೆ, ದ್ವೇಷ, ಪ್ರಯತ್ನ, ಸುಖ, ದುಃಖ, ಜ್ಞಾನ ಎಂಬ ಆರನ್ನು ಆತ್ಮದ ಲಿಂಗಗಳೆಂದು, ಅಂದರೆ ಕುರುಹುಗಳೆಂದು ಹೇಳುತ್ತದೆ. ಭಾಷ್ಯಕಾರ ವಾತ್ಸ್ಯಾಯನ ಇವನ್ನು ಸ್ಮೃತಿಯ ಮೇಲೆ ನಿಲ್ಲಿಸುತ್ತಾನೆ: ಹಿಂದೆ ಸುಖ ಕೊಟ್ಟದ್ದನ್ನು ಕಂಡು ಈಗ ಬಯಸುವವನು, ಅಂದು ಸುಖಪಟ್ಟವನೇ ಆಗಿರಬೇಕು. ಇರುವುದು ಕ್ಷಣಗಳ ಹರಿವು ಮಾತ್ರ ಎಂದ ಬೌದ್ಧರಿಗೆ ಇದು ನೈಯಾಯಿಕರ ಉತ್ತರ. ಶಂಕರರೂ ಬ್ರಹ್ಮಸೂತ್ರಭಾಷ್ಯದಲ್ಲಿ ಅನುಸ್ಮೃತಿಯನ್ನು, ಅಂದರೆ ಹಿಂದಿನ ಅನುಭವದ ನೆನಪನ್ನು, ಮುಂದಿಟ್ಟು ಕ್ಷಣಿಕವಾದವನ್ನು ಖಂಡಿಸಿದರು.

ಹಾಗಾದರೆ ಸ್ಮೃತಿಯೇ ಅಳಿದವರ ಗತಿಯೇನು? 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ ವರದಿ ಮಾಡಿದ, ನೆನಪನ್ನು ಅಳಿಸುವ ರೋಗ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದಂತೆ ಮುಂದಿಡುತ್ತದೆ. ಈ ರೋಗದಲ್ಲಿ ಕೆಡುವುದು ಮಿದುಳಿನ ಪ್ರೋಟೀನುಗಳ ನಿರ್ವಹಣೆ. ಹೆಚ್ಚಿನ ಪ್ರೋಟೀನುಗಳು ಸರಿಯಾದ ಆಕಾರಕ್ಕೆ ಮಡಚಿಕೊಂಡರೆ ಮಾತ್ರ ಕೆಲಸಕ್ಕೆ ಬರುತ್ತವೆ. ಮಡಚಲು ನೆರವಾಗುವ ಶಾಪೆರೋನ್‌ಗಳು, ಕೆಟ್ಟದ್ದನ್ನು ಒಡೆಯುವ ಪ್ರೋಟಿಯಾಸೋಮ್, ಕಸವನ್ನು ಜೀರ್ಣಿಸುವ ಆಟೋಫೇಜಿ ಜೀವಕೋಶದೊಳಗೆ ಸದಾ ದುಡಿಯುತ್ತಿರುತ್ತವೆ. ನರಕೋಶ ವಿಭಜನೆಯಾಗುವುದಿಲ್ಲ, ಹಾಗಾಗಿ ಕಸವನ್ನು ಮರಿಕೋಶಗಳಿಗೆ ಹಂಚಿ ಹಗುರಾಗುವ ದಾರಿ ಅದಕ್ಕಿಲ್ಲ. ವಯಸ್ಸಾದಂತೆ ಈ ವ್ಯವಸ್ಥೆ ಸೋಲುತ್ತದೆ. ಆಲ್ಝೈಮರ್ ರೋಗದಲ್ಲಿ ಟೌ ಪ್ರೋಟೀನು ಕೋಶದೊಳಗೆ, ಅಮೈಲಾಯ್ಡ್ ಬೀಟಾ ಹೊರಗೆ ಗಂಟುಗಟ್ಟುತ್ತವೆ.

ಕೋಶದ ರಕ್ಷಣೆಯೂ ಇಲ್ಲಿ ತಿರುಗಿ ಬೀಳಬಹುದು. ತಪ್ಪಾಗಿ ಮಡಚಿದ ಪ್ರೋಟೀನು ಹೆಚ್ಚಿದಾಗ ‘ಪರ್ಕ್’ ಎಂಬ ಕಿಣ್ವ ಹೊಸ ಪ್ರೋಟೀನಿನ ತಯಾರಿಕೆಯನ್ನು ತಗ್ಗಿಸುತ್ತದೆ. ಸ್ವಲ್ಪ ಹೊತ್ತಿನ ಮಟ್ಟಿಗೆ ಇದು ಉಪಕಾರಿ. ತಡೆ ಹಾಗೇ ಮುಂದುವರಿದರೆ ನರಕೋಶಗಳು ಒಂದಕ್ಕೊಂದು ಬೆಸೆಯುವ ಸಂಧಿಗಳು ಸೊರಗುತ್ತವೆ. 2012ರಲ್ಲಿ ನರವಿಜ್ಞಾನಿ ಜಿಯೊವಾನ್ನಾ ಮಲ್ಲುಚಿ ಅವರ ತಂಡ, ತಪ್ಪಾಗಿ ಮಡಚಿದ ಪ್ರೋಟೀನಿನಿಂದಲೇ ಬರುವ ಪ್ರಿಯಾನ್ ರೋಗದ ಇಲಿಗಳಲ್ಲಿ ಈ ತಡೆಯನ್ನು ತೆಗೆದಾಗ ಸಂಧಿಗಳು ಉಳಿದವು. ಮರುವರ್ಷ ಪರ್ಕ್ ತಡೆಯುವ ಔಷಧವೂ ಮಿದುಳನ್ನು ಕಾಪಾಡಿತು, ಆದರೆ ಮೇದೋಜೀರಕಾಂಗಕ್ಕೆ ಹಾನಿ ಮಾಡಿತು.

ಹೀಗೆ ಸಂಧಿಗಳು ಸೊರಗಿ ಸ್ಮೃತಿ ಅಳಿದರೂ ನೈಯಾಯಿಕರ ವಾದ ಇಷ್ಟಕ್ಕೇ ಕುಸಿಯುವುದಿಲ್ಲ. ಕುರುಹು ಇಲ್ಲದ ಮಾತ್ರಕ್ಕೆ ವಸ್ತು ಇಲ್ಲವೆಂದಾಗದು. ಅವರದೇ ದೃಷ್ಟಾಂತದಂತೆ, ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲದಿದ್ದರೂ ಬೆಂಕಿಯಿದೆ. ಇದಕ್ಕಿಂತ ಬಲವಾದದ್ದು ಸಂಸ್ಕಾರಕ್ಕೂ ಸ್ಮೃತಿಗೂ ಅವರು ಮಾಡುವ ಭೇದ. ಅನುಭವ ಬಿಟ್ಟುಹೋದ ಅಚ್ಚು ಸಂಸ್ಕಾರ. ಅದು ಎಚ್ಚೆತ್ತಾಗ ಸ್ಮೃತಿ. ಮಗಳು ಬಂದುಹೋದದ್ದನ್ನು ಮರೆತ ರೋಗಿಯಲ್ಲೂ ಆ ಭೇಟಿಯ ನೆಮ್ಮದಿ ಬಹಳ ಹೊತ್ತು ಉಳಿಯುವುದುಂಟು. ಘಟನೆ ಮರೆತಿದೆ, ಅಚ್ಚು ಉಳಿದಿದೆ. ಒಡೆಯನಿಲ್ಲದೆಯೇ ಸಂಸ್ಕಾರಗಳು ಹರಿದುಬರಬಲ್ಲವು ಎಂದು ಬೌದ್ಧರು ಇಲ್ಲೂ ಹೇಳಬಹುದು, ಜೀವವಿಜ್ಞಾನ ಅದನ್ನು ಅಲ್ಲಗಳೆಯದು. ಆದರೆ ನೆನಪು ಹೋದೊಡನೆ ವ್ಯಕ್ತಿಯೂ ಹೋದ ಎಂಬ ಮಾತಿಗೆ ಎರಡು ಪಕ್ಷಗಳಲ್ಲೂ ಆಧಾರವಿಲ್ಲ.