ತಾನಾಗಿ ಬಿಟ್ಟಿದ್ದು ಅಂದ್ರೆ?

ತನ್ನ ಮನೆಗೆ ತಾನೇ ಬೆಂಕಿ ಇಟ್ಟವನಿಗೆ ವಿಮೆ ಸಿಗಲ್ಲ. ತಾನಾಗಿ ಕೆಲಸ ಬಿಟ್ಟವರಿಗೆ ನಿರುದ್ಯೋಗ ಭತ್ಯೆ ಯಾಕೆ ಅನ್ನುವವರ ವಾದವೂ ಇದೇ. ಸರಿ. ಆದರೆ ಉರಿಯುವ ಮನೆಯಿಂದ ಹೊರಗೆ ಓಡಿ ಬಂದವರು?

ಇಎಸ್‌ಐನವರು 2005ರಲ್ಲಿ ತಂದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯಲ್ಲಿ ಭತ್ಯೆಗೆ ಕಾರಣ ಮೂರೇ: ಕಾರ್ಖಾನೆ ಮುಚ್ಚಬೇಕು, ಸಿಬ್ಬಂದಿ ಕಡಿತವಾಗಬೇಕು, ಇಲ್ಲವೇ ಕೆಲಸದ ಹೊರಗಾದ ಗಾಯದಿಂದ ಕನಿಷ್ಠ ಶೇ. 40ರಷ್ಟು ಶಾಶ್ವತ ಅಂಗವೈಕಲ್ಯ ಬರಬೇಕು. ರಾಜೀನಾಮೆಗೆ ಅಲ್ಲಿ ಜಾಗ ಇಲ್ಲ.

ಜರ್ಮನಿಯ ಕಾನೂನು ಮಾತ್ರ ‘ಯಾಕೆ ಬಿಟ್ಟಿರಿ?’ ಅಂತಲೂ ಕೇಳುತ್ತೆ. ಕಾರಣವಿಲ್ಲದೆ ಬಿಟ್ಟರೆ ಸಾಮಾನ್ಯವಾಗಿ 12 ವಾರ ಭತ್ಯೆ ತಡೆಹಿಡಿಯುತ್ತಾರೆ. ಕಿರುಕುಳ, ಆರೋಗ್ಯದಂಥ ಬಲವಾದ ಕಾರಣಕ್ಕೆ ಪುರಾವೆ ಕೊಟ್ಟರೆ ಆ ತಡೆಯೂ ಇಲ್ಲ.

ನನಗೆ ಇದೇ ನ್ಯಾಯ ಅನ್ನಿಸುತ್ತೆ. ‘ನೀವೇ ಪೇಪರ್ ಹಾಕಿಬಿಡಿ, ರಿಲೀವಿಂಗ್ ಲೆಟರ್ ಕ್ಲೀನಾಗಿ ಕೊಡ್ತೀವಿ’ ಅನ್ನೋ ಎಚ್‌ಆರ್ ಮಾತು ನಮ್ಮಲ್ಲಿ ಯಾರು ಕೇಳಿಲ್ಲ ಹೇಳಿ? ಸಹಿ ನಮ್ಮದು, ತೀರ್ಮಾನ ಅವರದು. ಕಾಗದದ ಮೇಲೆ ಅದೂ ‘ಸ್ವಇಚ್ಛೆ’ಯೇ.

ಸುಳ್ಳು ಹೇಳಿ ದುಡ್ಡು ಹೊಡೆಯುವವರೂ ಇರ್ತಾರೆ, ನಿಜ. ಅದಕ್ಕೆ ಸಾಕ್ಷಿ ಕೇಳಲಿ. ಏನೂ ಕೇಳದೆ ಬಾಗಿಲು ಹಾಕಿದರೆ, ಬ್ಯಾಂಕಿನಲ್ಲಿ ಆರು ತಿಂಗಳ ಖರ್ಚಿಗೆ ದುಡ್ಡಿರುವವರು ಮಾತ್ರ ಕೆಟ್ಟ ಕೆಲಸ ಬಿಡಬಲ್ಲರು. ಉಳಿದವರು ಸಹಿಸಿಕೊಂಡು ಇರಬೇಕು, ಅಷ್ಟೇ.